ಹೆಲಿಕೋಪ್ರಿಯಾನ್‌ನ ಹಲ್ಲಿನ ಸುರುಳಿ ನಿಜವಾಗಿ ಎಲ್ಲಿತ್ತು?

ಪ್ರಶ್ನೆ (ಸುಮಾ_ಅಮ್ಮ):
ನನ್ನ ಮಗಳು ಏಳನೇ ಕ್ಲಾಸು. ಹಳೇ ಕಾಲದ ಶಾರ್ಕ್‌ಗಳ ಚಿತ್ರ ಬರೆಯುವ ಹುಚ್ಚು ಅವಳಿಗೆ. ಈಗ ಹೆಲಿಕೋಪ್ರಿಯಾನ್ ಹತ್ತಿರ ಬಂದು ನಿಂತುಬಿಟ್ಟಿದ್ದಾಳೆ. ಒಂದು ಚಿತ್ರದಲ್ಲಿ ಹಲ್ಲಿನ ಸುರುಳಿ ಮೂತಿಯ ತುದಿಯಲ್ಲಿ ಸೊಂಡಿಲಿನ ಹಾಗೆ ಮೇಲಕ್ಕೆ ಸುತ್ತಿಕೊಂಡಿದೆ, ಇನ್ನೊಂದರಲ್ಲಿ ಕೆಳದವಡೆಯಿಂದ ನೇತಾಡುತ್ತಿದೆ, ಮತ್ತೊಂದರಲ್ಲಿ ಬೆನ್ನಿನ ರೆಕ್ಕೆಯ ಮೇಲಿದೆ! ಯಾವುದು ಸರಿ? ತಿಳಿದವರು ದಯವಿಟ್ಟು ಹೇಳಿ.

ಕಲ್ಲುಹುಡುಕ:
ಮೇಡಂ, ಆ ಮೂರನ್ನೂ ಒಂದೊಂದು ಕಾಲದಲ್ಲಿ ತಜ್ಞರೇ ಹೇಳಿದ್ದಾರೆ. ಈ ಜಾತಿಯ ಮೀನಿನ ಅಸ್ಥಿಪಂಜರ ನಮ್ಮ ಕಿವಿಯಲ್ಲಿರುವಂಥ ಮೆದುಮೂಳೆಯದು, ಅದು ಬೇಗ ಕೊಳೆತುಹೋಗುತ್ತದೆ, ಕಲ್ಲಿನಲ್ಲಿ ಉಳಿಯುವುದು ಹೆಚ್ಚಾಗಿ ಹಲ್ಲು ಮಾತ್ರ. ರಷ್ಯಾದ ಕಾರ್ಪಿನ್ಸ್ಕಿ 1899ರಲ್ಲಿ ಯುರಲ್ ಪ್ರದೇಶದ ಪಳೆಯುಳಿಕೆ ನೋಡಿ ಹೆಸರಿಟ್ಟಾಗ ಕೈಯಲ್ಲಿದ್ದದ್ದು ಸುರುಳಿಯಷ್ಟೇ. ಮನೆಯಲ್ಲಿ ಸಾಲಿಗ್ರಾಮ ಇದ್ದರೆ ನೋಡಿ, ಅಂಥದೇ ಸುತ್ತು, ಆದರೆ ಅಂಚಿನುದ್ದಕ್ಕೂ ಗರಗಸದ ಹಲ್ಲು. ಹೆಸರಿನ ಅರ್ಥವೂ ಸುರುಳಿ ಗರಗಸ ಅಂತಲೇ. ಅವರು ಅದನ್ನು ಮೇಲ್ದವಡೆಗೆ ಸೇರಿಸಿದರು, ಆಮೇಲೆ ಬಂದವರು ರೆಕ್ಕೆಗೆ, ಬಾಲಕ್ಕೆ ಕೂಡ ಅಂಟಿಸಿದರು.

ಪಳೆಯುಳಿಕೆ_ಪ್ರಿಯ:
ಇದು ಬಗೆಹರಿದದ್ದು ಅಮೆರಿಕದ ಐಡಾಹೊದಲ್ಲಿ 1950ರಲ್ಲಿ ಸಿಕ್ಕ ಒಂದು ಕಲ್ಲಿನಿಂದ. 117 ಹಲ್ಲು, ಸುರುಳಿಯ ಅಗಲ ಸುಮಾರು 23 ಸೆಂ.ಮೀ., ಜೊತೆಗೆ ದವಡೆಯ ಮೆದುಮೂಳೆಯೂ ಉಳಿದಿತ್ತು. ಬೆಂಡಿಕ್ಸ್-ಆಲ್ಮ್‌ಗ್ರೀನ್ ಎನ್ನುವವರು 1966ರಲ್ಲೇ ಇದು ಕೆಳದವಡೆಯದು ಎಂದಿದ್ದರು. 2013ರಲ್ಲಿ ಲೀಫ್ ಟಪಾನಿಲಾ ಅವರ ತಂಡ ಅದೇ ಕಲ್ಲನ್ನು ಸಿಟಿ ಸ್ಕ್ಯಾನ್ ಮಾಡಿತು. ಸುರುಳಿ ಕೆಳದವಡೆಯ ನಡುವೆ, ಇಡೀ ದವಡೆ ತುಂಬುವಷ್ಟು ಇತ್ತು. ತುದಿಯಿಂದ ನೇತಾಡುತ್ತಿರಲಿಲ್ಲ.

ನನಗೆ ಇದನ್ನು ನೋಡಿದಾಗಲೆಲ್ಲ ಅಜ್ಜಿಯ ಈಳಿಗೆಮಣೆ ನೆನಪಾಗುತ್ತದೆ. ಅಲಗು ಕೆಳಗೊಂದೇ, ಮೇಲೇನೂ ಇಲ್ಲ, ಆದರೂ ಕತ್ತರಿಸುತ್ತದೆ ಅಲ್ವಾ? ಇದಕ್ಕೂ ಮೇಲ್ದವಡೆಯಲ್ಲಿ ಇಂಥ ಹಲ್ಲುಗಳಿರಲಿಲ್ಲ. ಈಗಿನ ಶಾರ್ಕ್ ಹಳೇ ಹಲ್ಲು ಉದುರಿಸುತ್ತದೆ. ಇದು ಒಂದನ್ನೂ ಬಿಡಲಿಲ್ಲ. ಹಿಂದಿನಿಂದ ಹೊಸ ಹಲ್ಲು ಬಂದಂತೆ ಹಳೆಯದು ಮುಂದಕ್ಕೆ ಸರಿದು, ಕೆಳಗಿಳಿದು, ಒಳಗೆ ಸುತ್ತಿಕೊಳ್ಳುತ್ತಿತ್ತು. ನಡುವಿನ ಪುಟ್ಟ ಹಲ್ಲುಗಳು ಅದರ ಮರಿಗಾಲದವು. ಒಂದು ಜೀವದ ಇಡೀ ಬಾಲ್ಯ ಆ ಸುರುಳಿಯೊಳಗೆ ಕೂತಿದೆ, ಅದೇ ನನಗೆ ಬಹಳ ಇಷ್ಟ.

ಸುಮಾ_ಅಮ್ಮ:
ತುಂಬಾ ಧನ್ಯವಾದ! ಅವಳು ಮೂತಿಯ ಸುರುಳಿ ಅಳಿಸಿಯಾಯಿತು. ಇದು ಏನು ತಿನ್ನುತ್ತಿತ್ತು? ಶಾರ್ಕೇ ತಾನೇ?

ಕಡಲೂರವ:
ಹಲ್ಲುಗಳು ಅಷ್ಟಾಗಿ ಸವೆದಿಲ್ಲ, ಹಾಗಾಗಿ ಚಿಪ್ಪು ಒಡೆಯುವ ಪ್ರಾಣಿ ಇರಲಾರದು. ನಮ್ಮ ಕರಾವಳಿಯಲ್ಲಿ ಸ್ಕ್ವಿಡ್‌ಗೆ ಬೊಂಡಾಸ್ ಎನ್ನುತ್ತೇವಲ್ಲ, ಅಂಥ ಮೆತ್ತನೆಯ ಬೇಟೆ ಇದ್ದಿರಬೇಕು. ಶಾರ್ಕ್ ಎಂದು ಎಲ್ಲರೂ ಕರೆಯುತ್ತಾರೆ, ಆದರೆ ಅದೇ ಸ್ಕ್ಯಾನ್‌ನಲ್ಲಿ ದವಡೆಯ ರಚನೆ ನೋಡಿದ ಮೇಲೆ, ಆಳ ಕಡಲಿನ ಕೈಮೀರಾ ಮೀನುಗಳ ಬಳಗಕ್ಕೆ ಇದು ಹೆಚ್ಚು ಹತ್ತಿರ ಎಂದಾಯಿತು. ಬದುಕಿದ್ದು ಸುಮಾರು 29ರಿಂದ 27 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳಿಗೂ ಎಷ್ಟೋ ಮೊದಲು.

ಮಗಳಿಗೆ ಒಂದು ಮಾತು ಹೇಳಿ: ಪೂರ್ತಿ ಸುರುಳಿ ಕಾಣುವ ಹಾಗೆ ಬರೆಯುವುದು ಬೇಡ. ಬಾಯಿ ತೆರೆದಾಗ ಮೇಲಿನ ಸುತ್ತಿನ ಕೆಲವು ದೊಡ್ಡ ಹಲ್ಲು ಮಾತ್ರ ಹೊರಗೆ, ಉಳಿದದ್ದೆಲ್ಲ ದವಡೆಯೊಳಗೆ. ಮುಗಿದ ಮೇಲೆ ಚಿತ್ರ ಇಲ್ಲಿ ಹಾಕಿ, ನೋಡಬೇಕು.