ಪದಚರ್ಚೆ: ‘ಪೋರ್ಟಿಂಗ್’ ಅಂದರೆ ಯಾವ ಕೆಲಸ? ಎಂಜಿನ್ ಹೆಡ್ಡಿನ ಕೆಲವು ಪದಗಳು

ಎಲ್ಲರಿಗೂ ನಮಸ್ಕಾರ.

ಬೈಕ್ ಎಂಜಿನ್ನಿನ ಪವರ್ ಹೆಚ್ಚಿಸುವ ಕೆಲಸದ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಶುರುವಿನಲ್ಲೇ ‘ಪೋರ್ಟಿಂಗ್’ ಅನ್ನುವ ಪದ ತೊಡಕಾಗಿದೆ. ಗ್ಯಾರೇಜಿನಲ್ಲಿ ಇದು ಎಲ್ಲರ ಬಾಯಲ್ಲೂ ಇದೆ. ಆದರೆ ಈ ಒಂದೇ ಪದ ಎರಡು ಬೇರೆ ಕೆಲಸಗಳಿಗೆ ಬಳಕೆಯಾಗುತ್ತದೆ.

ಮೊದಲನೆಯದು ಟೂ-ಸ್ಟ್ರೋಕ್ ಕೆಲಸ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ, ಆಮೇಲೆ 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100 ನೆನಪಿಸಿಕೊಳ್ಳಿ. ಇವುಗಳ ಹೆಡ್ಡಿನಲ್ಲಿ, ಅಂದರೆ ಸಿಲಿಂಡರಿನ ಮೇಲಿನ ಮುಚ್ಚಳದಲ್ಲಿ, ಗಾಳಿ-ಹೊಗೆಯ ದಾರಿಯನ್ನು ತೆರೆದು ಮುಚ್ಚುವ ವಾಲ್ವೇ ಇಲ್ಲ. ಸಿಲಿಂಡರಿನ ಗೋಡೆಯಲ್ಲಿ ಪೋರ್ಟ್ ಎನ್ನುವ ಕಿಂಡಿಗಳಿವೆ. ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತಾ ಅವನ್ನು ತಾನೇ ಮುಚ್ಚುತ್ತದೆ, ತೆರೆಯುತ್ತದೆ. ಹೊಗೆ ಹೋಗುವ ಕಿಂಡಿಯ ಮೇಲಂಚನ್ನು ಒಂದು ಮಿಲಿಮೀಟರ್ ಅರೆದರೂ ಸಾಕು, ಅದು ಮೊದಲಿಗಿಂತ ಬೇಗ ತೆರೆದುಕೊಳ್ಳುತ್ತದೆ. ಪವರ್ ಮೇಲಿನ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ಸಿಗುತ್ತದೆ, ಕೆಳಗಿನ ಎಳೆತ ಕಡಿಮೆಯಾಗುತ್ತದೆ. ಅಂದರೆ ಇಲ್ಲಿ ಪೋರ್ಟಿಂಗ್ ಮಾಡಿದರೆ ಕಿಂಡಿ ತೆರೆಯುವ ಹೊತ್ತೇ ಬದಲಾಗುತ್ತದೆ.

ಎರಡನೆಯದು ಫೋರ್-ಸ್ಟ್ರೋಕ್ ಹೆಡ್ಡಿನದು. ಹಳೆಯ ಬುಲೆಟ್ 350 ತಗೊಳ್ಳಿ. 346 ಸಿಸಿ, 18 ಎಚ್‌ಪಿ, ಎರಡು ವಾಲ್ವ್. ಕಾರ್ಬುರೇಟರ್ ಕಡೆಯಿಂದ ವಾಲ್ವ್‌ವರೆಗೆ ಹೆಡ್ಡಿನೊಳಗೆ ಬಾಗಿದ ಒಂದು ದಾರಿ ಇದೆ. ವಾಲ್ವ್ ಗೈಡ್ (ವಾಲ್ವಿನ ಕಡ್ಡಿ ಜಾರುವ ಕೊಳವೆ) ಸುತ್ತಲಿನ ಉಬ್ಬು, ವಾಲ್ವ್ ಮುಚ್ಚಿದಾಗ ಕೂರುವ ಸೀಟಿನ ಕೆಳಗೆ ಎರಕದಲ್ಲಿ ಉಳಿದ ಏಣು, ಇವನ್ನು ಅರೆದು ಗಾಳಿ ತಡೆಯಿಲ್ಲದೆ ಹರಿಯುವಂತೆ ಮಾಡುವುದು ಇಲ್ಲಿನ ಕೆಲಸ. ಹೊತ್ತು ಕೂದಲೆಳೆಯಷ್ಟೂ ಬದಲಾಗುವುದಿಲ್ಲ, ಅದು ವಾಲ್ವನ್ನು ತೆರೆಯುವ ಕ್ಯಾಮಿನ ಕೈಯಲ್ಲಿದೆ. ಸುಮ್ನೆ ದಾರಿ ಅಗಲ ಮಾಡಿದರೂ ಪ್ರಯೋಜನವಿಲ್ಲ. ಗಾಳಿಯ ವೇಗ ಬಿದ್ದು ಎಂಜಿನ್ ಕೆಳಗಿನ ಆರ್‌ಪಿಎಂನಲ್ಲಿ ಸೊರಗುತ್ತದೆ.

ಆದ್ದರಿಂದ ಮೊದಲನೆಯದಕ್ಕೆ ‘ಕಿಂಡಿ ತಿದ್ದುವುದು’, ಎರಡನೆಯದಕ್ಕೆ ‘ದಾರಿ ತಿದ್ದುವುದು’ ಅನ್ನೋಣ ಅಂತ ನನ್ನ ಯೋಚನೆ. ಗೋಡೆಯಲ್ಲಿರುವುದು ಕಿಂಡಿಯೇ ಅಲ್ವಾ? ಹೆಡ್ಡಿನಲ್ಲಿರುವುದಕ್ಕೆ ಗಾಳಿದಾರಿ, ಹೊಗೆದಾರಿ ಎಂದರೆ ಯಾವುದು ಯಾವುದೆಂಬ ಗೊಂದಲವೂ ಇರುವುದಿಲ್ಲ.

ವಾಲ್ವನ್ನು ಮಾತ್ರ ವಾಲ್ವ್ ಎಂದೇ ಉಳಿಸಿದ್ದೇನೆ. ‘ಕವಾಟ’ ಹೃದಯಕ್ಕೆ ಒಗ್ಗಿದೆ, ಬೈಕಿಗೆ ಒಗ್ಗಿಲ್ಲ.

ವಾಲ್ವ್ ತೆರೆದಾಗ ಅದರ ಅಂಚಿಗೂ ಸೀಟಿಗೂ ನಡುವೆ ಸುತ್ತಲೂ ತೆರೆಯುವ ಜಾಗಕ್ಕೂ ಒಂದು ಪದ ಬೇಕು. ಗಾಳಿ ನುಗ್ಗುವುದು ಅಲ್ಲಿಂದಲೇ. ಸೀಟಿನ ಹತ್ತಿರ ದಾರಿಯ ಬಾಯಿಯ ಅಗಲ 40 ಮಿಲಿಮೀಟರ್ ಇದ್ದು ವಾಲ್ವ್ ಸೀಟಿನಿಂದ 10 ಮಿಲಿಮೀಟರ್ ಸರಿದರೆ, ಲೆಕ್ಕದಲ್ಲಿ ಸುತ್ತಲಿನ ಜಾಗವೂ ಬಾಯಿಯ ಜಾಗವೂ ಸರಿಸಮ, ಎರಡೂ ಸುಮಾರು 1,257 ಚದರ ಮಿಲಿಮೀಟರ್. ಅದಕ್ಕಿಂತ ಹೆಚ್ಚು ತೆರೆದರೆ ಬಾಯಿಯೇ ಇಕ್ಕಟ್ಟಾಗುತ್ತದೆ. ಆ ಜಾಗಕ್ಕೆ ‘ಸುತ್ತುಸಂದು’ ಎಂದು ಬರೆದಿದ್ದೇನೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ತಿಳಿಸಿ.

ನನಗೆ ನಿಜವಾಗಿ ಬಗೆಹರಿಯದಿರುವುದು ‘ವಾಲ್ವ್ ಫ್ಲೋಟ್’. ಆರ್‌ಪಿಎಂ ತುಂಬಾ ಏರಿದಾಗ ವಾಲ್ವನ್ನು ಮುಚ್ಚುವ ಸ್ಪ್ರಿಂಗಿಗೆ ಅದನ್ನು ಕ್ಯಾಮಿನ ಜೊತೆಗೇ ಹಿಂದಕ್ಕೆ ತರಲು ಆಗುವುದಿಲ್ಲ. ಮುಚ್ಚಬೇಕಾದ ಹೊತ್ತಿನಲ್ಲಿ ವಾಲ್ವ್ ಇನ್ನೂ ತೆರೆದೇ ಇರುತ್ತದೆ. ಪವರ್ ಬೀಳುತ್ತದೆ, ಕೆಟ್ಟ ಗಳಿಗೆಯಲ್ಲಿ ಪಿಸ್ಟನ್ ಬಂದು ವಾಲ್ವಿಗೆ ಹೊಡೆಯುತ್ತದೆ. ಹಾರ್ಡ್ ಸ್ಪ್ರಿಂಗ್ ಹಾಕಿದರೆ ಇದು ತಪ್ಪುತ್ತದೆ, ಆದರೆ ಕ್ಯಾಮ್ ಬೇಗ ಸವೆಯುತ್ತದೆ. ಡುಕಾಟಿಯವರ ಡೆಸ್ಮೊ ಎಂಜಿನ್ನಿನಲ್ಲಿ ವಾಲ್ವನ್ನು ತೆರೆಯಲು ಒಂದು ತೋಳು, ಮುಚ್ಚಲು ಇನ್ನೊಂದು ತೋಳು ಇದೆ. ಮುಚ್ಚುವ ಕೆಲಸವನ್ನು ಸ್ಪ್ರಿಂಗಿನ ಮೇಲೆ ಬಿಟ್ಟಿಲ್ಲ.

‘ತೇಲುವುದು’ ಎಂದರೆ ಓದುಗರ ಕಣ್ಣಿಗೆ ನೀರು ಬರುತ್ತದೆ, ಎಂಜಿನ್ ಬರುವುದಿಲ್ಲ. ‘ವಾಲ್ವ್ ಕೂರಲಿಲ್ಲ’ ಎನ್ನೋಣ ಅಂದರೆ ಆ ಮಾತಿಗೆ ಬೇರೆ ಅರ್ಥ ಆಗಲೇ ಇದೆ. ಪೇಸ್ಟ್ ಹಚ್ಚಿ ವಾಲ್ವ್ ಅರೆದ ಮೇಲೆ ಹೆಡ್ಡನ್ನು ಓರೆ ಹಿಡಿದು ದಾರಿಯೊಳಗೆ ಪೆಟ್ರೋಲ್ ಸುರಿಯುತ್ತಾರೆ. ವಾಲ್ವ್ ಅಂಚಿನಲ್ಲಿ ಜಿನುಗಿದರೆ ‘ಸರಿಯಾಗಿ ಕೂತಿಲ್ಲ’ ಅಂತ ಇನ್ನೊಂದು ಸುತ್ತು ಅರೆಯುತ್ತಾರೆ. ಅದು ಸೋರಿಕೆಯ ಮಾತು. ಹಾಗಾಗಿ ಸದ್ಯಕ್ಕೆ ‘ವಾಲ್ವ್ ಕ್ಯಾಮಿನ ಹಿಡಿತ ತಪ್ಪುವುದು’ ಎಂದಿಟ್ಟಿದ್ದೇನೆ. ಅರ್ಥ ಸರಿಯಾಗಿದೆ, ಆದರೆ ಉದ್ದವಾಯಿತು.

ಹುಬ್ಬಳ್ಳಿ, ಮಂಗಳೂರು, ಕಲಬುರಗಿ ಕಡೆಯ ಮೆಕ್ಯಾನಿಕ್‌ಗಳು ಇದಕ್ಕೆ ಏನನ್ನುತ್ತಾರೆ? ಪುಸ್ತಕದ ಪದ ಬೇಡ, ಅವರ ಬಾಯಲ್ಲಿ ಕೇಳಿದ್ದನ್ನು ಕೇಳಿದ ಹಾಗೆಯೇ ಬರೆಯಿರಿ. ಯಾವ ಊರು, ಯಾವ ಬೈಕಿನ ಬಗ್ಗೆ ಮಾತು ಎಂಬುದನ್ನೂ ಸೇರಿಸಿ.