ಸೀಲಿಂಗ್‌ನಿಂದ ಚೂರು ಬಿದ್ದು ಕಂಬಿ ಕಾಣುತ್ತಿದೆ, ಸಿಮೆಂಟ್ ಮೆತ್ತಿಸಿದರೆ ಸಾಕಾ?

ಪ್ರಶ್ನೆ:
ಮೇಲಿನ ಮಹಡಿಯ ಕೋಣೆಯ ಸೀಲಿಂಗ್‌ನಲ್ಲಿ ಗೆರೆ ಎಳೆದ ಹಾಗೆ ಉದ್ದಕ್ಕೆ ಬಿರುಕು ಬಂದಿದೆ. ಅದರ ಪಕ್ಕದಲ್ಲೇ ಕಂದು ಕಲೆ. ಮೊನ್ನೆ ಅಂಗೈ ಅಗಲದ ಚೂರು ಮಂಚದ ಮೇಲೆ ಬಿತ್ತು. ಆ ಜಾಗದಲ್ಲಿ ಕಂಬಿ ಕಾಣುತ್ತಿದೆ. ಮೇಸ್ತ್ರಿಯವರು "ಸಿಮೆಂಟ್ ಮೆತ್ತಿ, ಪುಟ್ಟಿ ಹೊಡೆದು ಪೇಂಟ್ ಮಾಡಿದರೆ ಆಯ್ತು" ಅನ್ನುತ್ತಾರೆ. ಗೋಡೆಗಳಲ್ಲೂ ಅಲ್ಲಲ್ಲಿ ಬಿರುಕುಗಳಿವೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಭಯವಾಗುತ್ತಿದೆ.

ಉತ್ತರ 1:
ಮೊದಲು ಮಂಚ ಬೇರೆ ಕೋಣೆಗೆ ಹಾಕಿಸಿ. ಆಮೇಲೆ ತಾರಸಿ ಹತ್ತಿ ನೋಡಿ. ನಮ್ಮಲ್ಲಿ ಮಳೆನೀರಿನ ಪೈಪಿನ ಬಾಯಿಯ ಸುತ್ತ ಬಿರುಕು ಬಿಟ್ಟಿತ್ತು. ನೀರು ಇಳಿಯುತ್ತಿದ್ದುದು ಅಲ್ಲಿ, ಕಲೆ ಕಾಣಿಸಿಕೊಂಡಿದ್ದು ಕೋಣೆಯ ಇನ್ನೊಂದು ಮೂಲೆಯಲ್ಲಿ.

ಉತ್ತರ 2:
ಹಳೆಯ ಕಟ್ಟಡಗಳ ರಿಪೇರಿಯೇ ನನ್ನ ಕೆಲಸ. ದಯವಿಟ್ಟು ಸುಮ್ನೆ ಮೆತ್ತಿಸಬೇಡಿ ಸರ್. ಉದ್ದ ಬಿರುಕು, ಕಂದು ಕಲೆ ಎರಡೂ ಜೊತೆಗಿದ್ದರೆ ಒಳಗಿನ ಕಂಬಿಗೆ ತುಕ್ಕು ಹಿಡಿದಿದೆ ಅಂತಲೇ ತಿಳಿಯಿರಿ. ಕಂಬಿ ಹೋದ ದಾರಿಯಲ್ಲೇ ಬಿರುಕು ಬರುತ್ತದೆ. ಕಬ್ಬಿಣ ತುಕ್ಕಾದರೆ ಮೊದಲಿನ ಎರಡು ಪಟ್ಟಿಗೂ ಜಾಸ್ತಿ ಜಾಗ ಬೇಕಾಗುತ್ತದೆ. ಅದು ಒಳಗಿನಿಂದ ಒತ್ತಿ ಒತ್ತಿ ಕಾಂಕ್ರೀಟನ್ನೇ ಸೀಳುತ್ತದೆ. ಸ್ಲ್ಯಾಬಿನ ಕಂಬಿಯ ಕೆಳಗೆ ಸಾಮಾನ್ಯವಾಗಿ 20 ಮಿ.ಮೀ ಕವರ್, ಅಂದರೆ ಕಂಬಿಯನ್ನು ಮುಚ್ಚುವ ಕಾಂಕ್ರೀಟ್ ಪದರ, ಇರಬೇಕು. ಎಷ್ಟೋ ಕಡೆ ಕಾಂಕ್ರೀಟ್ ಹಾಕುವಾಗ ಕಂಬಿ ಕೆಳಗಿನ ಹಲಗೆಗೆ ತಾಗಿಕೊಂಡೇ ಇರುತ್ತದೆ. ಅಂಥ ಕಡೆ ತೇವ ತಗುಲಲು ಹೆಚ್ಚು ಕಾಲ ಬೇಡ.

ಸಣ್ಣ ಸುತ್ತಿಗೆಯಲ್ಲಿ ಇಡೀ ಸೀಲಿಂಗನ್ನು ಮೆಲ್ಲಗೆ ತಟ್ಟಿಸಿ. ತಟ್ಟುವವರು ತಲೆಗೆ ಹೆಲ್ಮೆಟ್ ಹಾಕಿಕೊಂಡಿರಲಿ. ಗಟ್ಟಿ ಇರುವಲ್ಲಿ ಟಣ್ ಅನ್ನುತ್ತದೆ, ಬಿಟ್ಟುಕೊಂಡಿರುವಲ್ಲಿ ಬೊದ ಬೊದ ಅನ್ನುತ್ತದೆ. ಟೊಳ್ಳಾದ ಜಾಗಕ್ಕೆಲ್ಲ ಚಾಕ್‌ಪೀಸಿನಲ್ಲಿ ಸುತ್ತು ಹಾಕಿ. ಚೂರು ಬಿದ್ದ ಜಾಗಕ್ಕಿಂತ ಆ ಸುತ್ತು ತುಂಬಾ ದೊಡ್ಡದಿರುತ್ತದೆ, ಗಾಬರಿಯಾಗಬೇಡಿ.

ರಿಪೇರಿಗೆ ಮೊದಲು ಮೇಲಿನ ನೀರು ನಿಲ್ಲಬೇಕು. ಆಮೇಲೆ ಸ್ಲ್ಯಾಬಿಗೆ ಕೆಳಗಿನಿಂದ ಆಸರೆಗೆ ಜಾಕ್ ಕೊಟ್ಟು, ಸಡಿಲವಾದದ್ದನ್ನೆಲ್ಲ ಕೆತ್ತಿ ತೆಗೆಯಬೇಕು. ಕಂಬಿಯ ಹಿಂದೆ ಬೆರಳು ತೂರುವಷ್ಟು ಜಾಗ ಆಗಬೇಕು. ಇಲ್ಲೇ ಹೆಚ್ಚಿನವರು ಕೈಬಿಡುವುದು. ಮುಂದಿನ ಮುಖ ಮಾತ್ರ ಉಜ್ಜುತ್ತಾರೆ, ಹಿಂದಿನ ತುಕ್ಕು ಹಾಗೇ ಉಳಿಯುತ್ತದೆ. ವೈರ್ ಬ್ರಷ್‌ನಲ್ಲಿ ಸುತ್ತಲೂ ಉಜ್ಜಿ ಕಬ್ಬಿಣ ಹೊಳೆಯುವ ಹಾಗೆ ಮಾಡಿ, ತುಕ್ಕು ತಡೆಯುವ ಝಿಂಕ್ ಪ್ರೈಮರ್ ಹಚ್ಚಿ. ಅದು ಒಣಗಿದ ಮೇಲೆ ಹಳೆಯದಕ್ಕೆ ಹೊಸದು ಅಂಟಿಕೊಳ್ಳಲು ಬಾಂಡಿಂಗ್ ಕೋಟ್, ಆ ಕೋಟ್ ಹಸಿಯಿರುವಾಗಲೇ ಪಾಲಿಮರ್ ಮಾರ್ಟರ್, ಅಂದರೆ ಪಾಲಿಮರ್ ಬೆರೆಸಿದ ಸಿಮೆಂಟ್ ಗಾರೆ. ಒಂದೇ ಸಲ ದಪ್ಪಗೆ ತುಂಬಿದರೆ ಜೋತುಬಿದ್ದು ಕಳಚುತ್ತದೆ, ಪದರ ಪದರವಾಗಿ ಕಟ್ಟಿಸಿ.

ಪ್ರಶ್ನೆ ಕೇಳಿದವರು:
ತಟ್ಟಿಸಿ ನೋಡಿದೆವು ಸರ್. ಕೋಣೆಯ ಅರ್ಧ ಭಾಗ ಟೊಳ್ಳು. ಗೋಡೆ ಬಿರುಕುಗಳ ಬಗ್ಗೆಯೂ ಹೇಳ್ತೀರಾ?

ಉತ್ತರ 2:
ಕೂದಲೆಳೆಯಂಥ, ಬಲೆಯ ಹಾಗೆ ಹರಡಿದ ಬಿರುಕು ಬರೀ ಪ್ಲಾಸ್ಟರಿನದು. ಪಿಲ್ಲರ್ ಮತ್ತು ಇಟ್ಟಿಗೆ ಸೇರುವಲ್ಲಿ ನೆಟ್ಟಗೆ ಬಂದದ್ದಕ್ಕೂ ಹೆದರಬೇಕಿಲ್ಲ, ಪ್ಲಾಸ್ಟರ್ ತೆಗೆದು ಕೋಳಿ ಜಾಲರಿ ಹೊಡೆದು ಮತ್ತೆ ಗಾರೆ ಮಾಡಿಸಿ. ಇಟ್ಟಿಗೆ ಸಂದಿಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದದ್ದು, ಒಂದು ತುದಿಯಲ್ಲಿ ಅಗಲವಾದದ್ದು ಇದ್ದರೆ ಪಾಯ ಕುಸಿಯುತ್ತಿರಬಹುದು. ಅದರ ಎರಡೂ ತುದಿಗೆ ಪೆನ್ಸಿಲ್ ಗೀಟು ಹಾಕಿ ತಾರೀಖು ಬರೆಯಿರಿ. ಗೀಟು ದಾಟಿ ಹೋದರೆ ಬಿರುಕು ಇನ್ನೂ ಬೆಳೆಯುತ್ತಿದೆ ಅಂತ ಗೊತ್ತಾಗುತ್ತದೆ, ಅಲ್ವಾ?

ಅರ್ಧ ಸೀಲಿಂಗ್ ಟೊಳ್ಳು ಅಂದರೆ ಇದು ಮೇಸ್ತ್ರಿಯೊಬ್ಬರ ಮೇಲೆ ಬಿಡುವ ಕೆಲಸವಲ್ಲ. ಕಂಬಿ ಎಷ್ಟು ಸವೆದಿದೆ, ಪಕ್ಕಕ್ಕೆ ಹೊಸ ಕಂಬಿ ಕೊಡಬೇಕಾ ಅನ್ನುವುದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಅಳೆದು ಹೇಳಲಿ. ಅವರು ಬಂದು ನೋಡುವ ತನಕ ಕೋಣೆಗೆ ಬೀಗ ಹಾಕಿ. ಕಲೆಗಳಿಗೆ ಪೇಂಟ್ ಹೊಡೆಸಬೇಡಿ, ಅವರಿಗೆ ಅವು ಕಾಣಬೇಕು.