ಕಾರವಾರ: ಮಹಡಿಯ 5 ಗಿಗಾಹರ್ಟ್ಸ್ ವೈಫೈ ಇದ್ದಕ್ಕಿದ್ದಂತೆ ಮಾಯ

ಪ್ರಶ್ನೆ:
ನಮಸ್ಕಾರ. ಬೈತಖೋಲ ಬಂದರಿನ ಹತ್ತಿರ ನಮ್ಮ ಆಫೀಸು, ಹಳೆಯ ಚಿರೇಕಲ್ಲಿನ ಕಟ್ಟಡ. ಕೆಳಗೆ ಎರಡು ಆಕ್ಸೆಸ್ ಪಾಯಿಂಟ್ (ವೈಫೈ ಹಂಚುವ ಡಬ್ಬಿ), ಮಹಡಿಯಲ್ಲಿ ಕಡಲ ಕಡೆಯ ಕಿಟಕಿ ಪಕ್ಕ ಒಂದು. ಮಹಡಿಯದರಲ್ಲಿ ದಿನಕ್ಕೆ ಎರಡು ಮೂರು ಸಲ 5 ಗಿಗಾಹರ್ಟ್ಸ್ ಪೂರ್ತಿ ಹೋಗುತ್ತದೆ, ಒಂದೆರಡು ನಿಮಿಷಕ್ಕೆ ತಾನಾಗಿ ಬರುತ್ತದೆ. 2.4 ಗಿಗಾಹರ್ಟ್ಸ್ ವೈಫೈಗೆ ಏನೂ ಆಗುವುದಿಲ್ಲ. ಕೇಬಲ್ ಬದಲಿಸಿದೆ, ಫರ್ಮ್‌ವೇರ್ (ಡಬ್ಬಿಯೊಳಗಿನ ತಂತ್ರಾಂಶ) ಹೊಸದು ಹಾಕಿದೆ, ಅದೇ ಸೆಟ್ಟಿಂಗ್‌ನಲ್ಲಿ ಬೇರೆ ಡಬ್ಬಿಯನ್ನೂ ಕೂರಿಸಿ ನೋಡಿದೆ. ನಿನ್ನೆ ವಿಡಿಯೋ ಮೀಟಿಂಗ್ ನಡುವೆಯೇ ಹೋಯಿತು. ದಯವಿಟ್ಟು ದಾರಿ ತೋರಿಸಿ.

ಉತ್ತರ:
ಡಬ್ಬಿ ಬದಲಿಸಿದರೂ ತೊಂದರೆ ಹೋಗಲಿಲ್ಲ ಎಂದರೆ ಚಾನಲ್ (ವೈಫೈ ಓಡುವ ರೇಡಿಯೋ ಪಟ್ಟಿ) ಮೇಲೆ ನನ್ನ ಅನುಮಾನ. ಎಷ್ಟನೇ ಚಾನಲ್, ಅಗಲ ಎಷ್ಟು? ಡಬ್ಬಿ ತಾನೇ ಬರೆದಿಡುವ ದಾಖಲೆ, ಅಂದರೆ ಲಾಗ್‌ನಲ್ಲಿ ‘ರೇಡಾರ್’ ಎಂದು ಹುಡುಕಿ.

ಪ್ರಶ್ನೆ ಕೇಳಿದವರು:
ಚಾನಲ್ 100, ಅಗಲ 80 ಮೆಗಾಹರ್ಟ್ಸ್. ಲಾಗ್‌ನಲ್ಲಿ ಆ ಪದ ನಿನ್ನೆಯೊಂದೇ ದಿನ ಮೂರು ಕಡೆ ಇದೆ ಸರ್! ನೌಕಾನೆಲೆಯ ಪ್ರಭಾವವೇ?

ಉತ್ತರ:
ಹಾಗೆಂದು ಹೇಳಲಾರೆ. ಹಡಗುಗಳು ದಾರಿ ನೋಡುವ ಸಾಮಾನ್ಯ ರೇಡಾರ್ 3 ಮತ್ತು 9 ಗಿಗಾಹರ್ಟ್ಸ್ ಆಸುಪಾಸಿನದು, ನಿಮ್ಮ ಚಾನಲ್ 5.5ರದ್ದು. ಬೇರೆ ಯಾವುದೋ ರೇಡಿಯೋ ಸದ್ದನ್ನು ರೇಡಾರ್ ಎಂದು ಆಕ್ಸೆಸ್ ಪಾಯಿಂಟ್ ತಪ್ಪು ತಿಳಿಯುವುದೂ ಉಂಟು. ಯಾವುದಾದರೂ ಮದ್ದು ಒಂದೇ.

52ರಿಂದ 144ರವರೆಗಿನ ಚಾನಲ್‌ಗಳಿಗೆ ಡಿಎಫ್‌ಎಸ್ (ಡೈನಾಮಿಕ್ ಫ್ರೀಕ್ವೆನ್ಸಿ ಸೆಲೆಕ್ಷನ್) ಎಂಬ, ರೇಡಾರ್‌ಗೆ ದಾರಿ ಬಿಡುವ ನಿಯಮ. ರೇಡಾರ್ ಕಂಡರೆ 10 ಸೆಕೆಂಡಿನೊಳಗೆ ಜಾಗ ಬಿಡಬೇಕು, 30 ನಿಮಿಷ ಆ ಕಡೆ ತಲೆ ಹಾಕಬಾರದು. ಹೋದ ಹೊಸ ಚಾನಲ್ಲೂ ಇದೇ ಗುಂಪಿನದಾದರೆ ಅಲ್ಲಿ ಕನಿಷ್ಠ 60 ಸೆಕೆಂಡು ಸುಮ್ಮನೆ ಕಿವಿಗೊಟ್ಟು ಕೂರಬೇಕು. ನಿಮ್ಮ ಸಿಗ್ನಲ್ ಕಾಣೆಯಾಗುವುದು ಈ ಹೊತ್ತಿನಲ್ಲೇ.

ಈ ನಿಯಮದ ಹೊರಗಿರುವುದು 36ರಿಂದ 48 ಮತ್ತು 149ರಿಂದ ಮೇಲೆ. 80 ಅಗಲ ಇಟ್ಟುಕೊಂಡರೆ ಅಲ್ಲಿ ಸಾಮಾನ್ಯವಾಗಿ ಎರಡೇ ಜಾಗ, ನಿಮ್ಮವು ಮೂರು. ಅಗಲ 40ಕ್ಕೆ ಇಳಿಸಿ: 36, 44, 149, ಒಂದೊಂದಕ್ಕೆ ಒಂದೊಂದು. ವೇಗದ ಅಂಕಿ ಕಡಿಮೆ ಕಾಣುತ್ತದೆ, ಆದರೆ ಆಫೀಸಿಗೆ ಬೇಕಾದ್ದು ಕಡಿಯದ ಸಂಪರ್ಕ. 2.4ರಲ್ಲಿ ಅಗಲ 20, ಚಾನಲ್ 1, 6, 11. ಚಾನಲ್ ತಾನೇ ಆರಿಸುವ ‘ಆಟೋ’ ತೆಗೆಯಿರಿ.

ಪ್ರಶ್ನೆ ಕೇಳಿದವರು:
ನಾಲ್ಕು ದಿನವಾಯಿತು, ಒಮ್ಮೆಯೂ ಹೋಗಿಲ್ಲ. ತುಂಬಾ ಉಪಕಾರವಾಯಿತು. ಕೆಳಗಿನ ಕಡತದ ಕೋಣೆಯಲ್ಲಿ ಮಾತ್ರ 5 ಗಿಗಾಹರ್ಟ್ಸ್ ಸಿಗ್ನಲ್ ಬಲ ಮೈನಸ್ 80 ಡಿಬಿಎಂ ಹತ್ತಿರ, ಸೊನ್ನೆಯಿಂದ ದೂರವಾದಷ್ಟೂ ದುರ್ಬಲವಲ್ಲವೇ. ಪವರ್ ಪೂರ್ತಿ ಏರಿಸಲೇ?

ಉತ್ತರ:
ಬೇಡ. ಆಕ್ಸೆಸ್ ಪಾಯಿಂಟ್ ಕೂಗಿದ್ದು ಫೋನಿಗೆ ಕೇಳಿಸೀತು, ಫೋನಿನ ಸಣ್ಣ ದನಿ ಆ ದಪ್ಪ ಗೋಡೆ ದಾಟಿ ವಾಪಸು ಬರಬೇಕಲ್ಲ. ಮೇಲಾಗಿ ದೂರ ಹೋದ ಫೋನುಗಳೂ ಅದನ್ನೇ ಹಿಡಿದುಕೊಂಡಿರುತ್ತವೆ. ಕೇಬಲ್ ಎಳೆದು ಡಬ್ಬಿಯನ್ನು ಕೋಣೆಯ ಬಾಗಿಲಿಗೆ ನೇರವಾಗಿ ಪಡಸಾಲೆಯ ಮಾಡಿಗೆ ಕಟ್ಟಿ. ಕೇಬಲ್ ಗೋಡೆಯ ಹೊರಗಿಂದ ಹೋಗುವುದಿದ್ದರೆ ಪೈಪಿನೊಳಗೇ ಇರಲಿ, ನಮ್ಮ ಮಳೆಗೆ ಬರೀ ಕೇಬಲ್ ತಾಳುವುದಿಲ್ಲ.

ಪ್ರಶ್ನೆ ಕೇಳಿದವರು:
ಒಳಗಿಂದಲೇ ಎಳೆದೆವು. ಕಡತದ ಕೋಣೆಯಲ್ಲಿ ಈಗ ಮೈನಸ್ 63.